ಮನುಷ್ಯ ಎಂಬ ಶಬ್ದದಲ್ಲಿ ಸ್ತ್ರೀಯು ಸೇರಿರುವಳೋ?

ಸಂಸ್ಕೃತವನ್ನು ಅಲ್ಪಸ್ವಲ್ಪ ಕಲಿತವರಿಗೂ ‘ಏಕಶೇಷ’ ಎಂಬ ವ್ಯಾಕರಣದ ವ್ಯವಸ್ಥೆಯು ಪರಿಚಿತವಾಗಿರುವುದು. ತಾಯಿತಂದೆಗಳಿಬ್ಬರನ್ನೂ ಕೂಡಿಸಿ ಹೇಳಬೇಕಾದಾಗ ‘ಮಾತಾಪಿತರೌ’ ಎನ್ನಬಹುದು. ಇಲ್ಲವೆ ತಾಯಿಯ ಶಬ್ದವನ್ನು ಬಿಟ್ಟು ‘ಪಿತರೌ’ ಎಂದಷ್ಟೇ ಹೇಳಬಹುದು. ಇದಕ್ಕಾಗಿ ಪಾಣಿನಿಯು ಒಂದು ಸೂತ್ರವನ್ನೇ ಮಾಡಿರುವನು. ಎರಡು ಶಬ್ದಗಳಲ್ಲಿ ಒಂದು ಉಳಿಯುವುದು, ಇನ್ನೊಂದು ಲೋಪವಾಗುವುದು. ಆದರೆ ಲೋಪವಾದುದು ಶಬ್ದವೇ ಹೊರತು ಅರ್ಥವಲ್ಲ. ‘ಪಿತರೌ’ ಎಂಬ ದ್ವಿವಚನದೊಳಗೆ ತಾಯಿಯು ಇದ್ದೇ ಇರುವಳು. ಆ ಮಾತನ್ನು ಉಚ್ಚರಿಸಿ ತಂದೆಯೊಬ್ಬನಿಗೇ ಕೈಮುಗಿದು ಹೋಗುವ ಮಗನಿಗೆ ವ್ಯಾಕರಣವೂ ಬಾರದು, ಮರ್ಯಾದೆಯೂ ತಿಳಿಯದು ಎಂದೇ ನಾವು ಹೇಳುವೆವು.

ಈ ವಿಷಯವು ಈಗ ನೆನಪಿಗೆ ಬರಲು ಕಾರಣ, ನಮ್ಮ ವಾಚಕಿಯರೊಬ್ಬರು ಕಳೆದ ತಿಂಗಳು ಬರೆದ ಒಂದು ಕಾಗದ. ಅವರ ಮಗಳು ಕಾಲೇಜಿನಲ್ಲಿ ರಾಜ್ಯಶಾಸ್ತ್ರವನ್ನು ಓದುತ್ತಿರುವಳಂತೆ. ಸಂಜೆಯ ಹೊತ್ತು ಅವಳು ಗಟ್ಟಿಯಾಗಿ ಓದುವುದನ್ನು ಈ ತಾಯಿ ಅಡಿಗೆಮನೆಯಿಂದ ಕೇಳುತ್ತಿರುವರಂತೆ. “ಪುಟಪುಟಕ್ಕೂ ಮನುಷ್ಯನ ಸ್ವಾತಂತ್ರ್ಯ, ಮನುಷ್ಯನ ಹಕ್ಕು, ಮನುಷ್ಯನ ವಿವೇಕ ಎಂದು ಬರುತ್ತದೆ. ಆ ಮನುಷ್ಯನಿಗೆ ಅಡಿಗೆಮಾಡಿ ಬಡಿಸಿದವರು ಯಾರು, ಅವನನ್ನು ಹೆತ್ತು ಸಾಕಿದವರು ಯಾರು ಎಂಬುದು ಎಲ್ಲಿಯೂ ಬರುವುದಿಲ್ಲ. ಇದೇಕೆ?” ಎಂದು ಅವರು ಕೇಳಿರುವರು. ಕಾಗದವು ಚಿಕ್ಕದು, ಪ್ರಶ್ನೆಯು ದೊಡ್ಡದು. ಇದೇ ಪ್ರಶ್ನೆಯನ್ನು ಪಾಶ್ಚಾತ್ಯ ದೇಶಗಳ ವಿದುಷಿಯರು ಮುನ್ನೂರು ವರ್ಷಗಳಿಗೂ ಮೇಲ್ಪಟ್ಟು ಕೇಳುತ್ತ ಬಂದಿರುವರು. ಅವರು ಕೇಳಿದ ಕ್ರಮವನ್ನೂ, ಅದರಿಂದ ಗೃಹಸ್ಥರಾದ ನಾವು ತಿಳಿಯಬೇಕಾದುದನ್ನೂ ಈ ತಿಂಗಳು ವಿಚಾರಿಸೋಣ.

ಮೊದಲು ಶಬ್ದದ ಸಂಗತಿ. ಇಂಗ್ಲೆಂಡಿನಲ್ಲಿ ಮತದಾನದ ಹಕ್ಕನ್ನು ವಿಸ್ತರಿಸುವ ಮಸೂದೆಯೊಂದು ೧೮೬೭ರಲ್ಲಿ ಪಾರ್ಲಿಮೆಂಟಿನ ಮುಂದಿದ್ದಿತು. ಅದರ ಹಿಂದಿನ ವರ್ಷ ಸುಮಾರು ೧೫೦೦ ಮಂದಿ ಸ್ತ್ರೀಯರು ಸಹಿಮಾಡಿದ ಬಿನ್ನವತ್ತಳೆಯನ್ನು ಜಾನ್ ಸ್ಟುಅರ್ಟ್ ಮಿಲ್ ಎಂಬ ತತ್ತ್ವಜ್ಞನು ಕಾಮನ್ಸ್ ಸಭೆಗೆ ಒಪ್ಪಿಸಿದ್ದನು. ೧೮೬೭ರ ಮೇ ೨೦ರಂದು ಅವನು ಎದ್ದುನಿಂತು ಒಂದು ತಿದ್ದುಪಡಿಯನ್ನು ಸೂಚಿಸಿದನು. ಅದು ಒಂದೇ ಶಬ್ದದ ತಿದ್ದುಪಡಿ: ಮಸೂದೆಯಲ್ಲಿ ‘ಪುರುಷ’ ಎಂದಿರುವ ಕಡೆ ‘ವ್ಯಕ್ತಿ’ ಎಂದು ಹಾಕಬೇಕು. ಸಭೆಯು ಚರ್ಚೆಮಾಡಿ ಮತಗಳನ್ನು ಎಣಿಸಿತು. ಪರವಾಗಿ ೭೩, ವಿರೋಧವಾಗಿ ೧೯೬. ಶಬ್ದವು ಇದ್ದಂತೆಯೇ ಉಳಿಯಿತು.

ಕಥೆಯು ಇಲ್ಲಿಗೆ ಮುಗಿಯಲಿಲ್ಲ. ಕಾನೂನಿನಲ್ಲಿ ಪುಲ್ಲಿಂಗದ ಶಬ್ದವು ಬಂದರೆ, ವಿರುದ್ಧವಾಗಿ ಸ್ಪಷ್ಟವಚನವಿಲ್ಲದಿದ್ದಲ್ಲಿ, ಸ್ತ್ರೀಯರೂ ಅದರಲ್ಲಿ ಸೇರಿದರೆಂದೇ ತಿಳಿಯಬೇಕು ಎಂದು ೧೮೫೦ರಲ್ಲಿಯೇ ಅಲ್ಲಿನ ಪಾರ್ಲಿಮೆಂಟು ವಿಧಿಸಿದ್ದಿತು. ಅಂದರೆ, ನಮ್ಮ ಏಕಶೇಷದ ನ್ಯಾಯವೇ. ಈ ಬಲದ ಮೇಲೆ ಮ್ಯಾಂಚೆಸ್ಟರ್ ನಗರದಲ್ಲಿ ಐದು ಸಾವಿರಕ್ಕೂ ಹೆಚ್ಚು ಸ್ತ್ರೀಯರು ತಮ್ಮ ಹೆಸರುಗಳನ್ನು ಮತದಾರರ ಪಟ್ಟಿಯಲ್ಲಿ ಬರೆದುಕೊಳ್ಳಬೇಕೆಂದು ಕೇಳಿದರು. ೧೮೬೮ರಲ್ಲಿ ವ್ಯಾಜ್ಯವು ನ್ಯಾಯಸ್ಥಾನಕ್ಕೆ ಹೋಯಿತು. ಮತದಾನದ ವಿಷಯದಲ್ಲಿ ‘ಪುರುಷ’ ಶಬ್ದವು ಪುರುಷನನ್ನೇ ಹೇಳುವುದೆಂದು ನ್ಯಾಯಾಧಿಪತಿಗಳು ತೀರ್ಪುಕೊಟ್ಟರು. ಆದರೆ ತೆರಿಗೆಯನ್ನು ವಸೂಲುಮಾಡುವವನು ವಿಧವೆಯಾದ ಮನೆಯೊಡತಿಯ ಬಾಗಿಲಿಗೆ ಬಂದಾಗ ಶಬ್ದದಲ್ಲಿ ಯಾವ ಸಂದೇಹವೂ ಉಂಟಾಗುತ್ತಿರಲಿಲ್ಲ! ಕೊಡಬೇಕಾದಾಗ ಅವಳು ಶಬ್ದದೊಳಗೆ, ಪಡೆಯಬೇಕಾದಾಗ ಶಬ್ದದ ಹೊರಗೆ. ಮಿಲ್ಲನು ಬೇಡಿದ ‘ವ್ಯಕ್ತಿ’ ಎಂಬ ಶಬ್ದಕ್ಕಾದರೂ ಸ್ತ್ರೀಯು ಸೇರಿರುವಳೆಂಬುದು ಆಗ ನಿಶ್ಚಯವಾಗಿರಲಿಲ್ಲ. ಕೆನಡಾ ದೇಶದ ಶಾಸನಸಭೆಗೆ ನೇಮಕವಾಗತಕ್ಕ ‘ವ್ಯಕ್ತಿ’ಗಳಲ್ಲಿ ಸ್ತ್ರೀಯರೂ ಸೇರುವರೆಂದು ಲಂಡನ್ನಿನ ಪ್ರಿವಿ ಕೌನ್ಸಿಲು ತೀರ್ಪುಕೊಡಲು ೧೯೨೯ನೆಯ ವರ್ಷವು ಬರಬೇಕಾಯಿತು. ಅದರ ಹಿಂದಿನ ವರ್ಷ ಕೆನಡಾದ ಪರಮೋಚ್ಚ ನ್ಯಾಯಸ್ಥಾನವು ಸೇರುವುದಿಲ್ಲವೆಂದೇ ಹೇಳಿದ್ದಿತು.

ಇದನ್ನು ಓದಿ, ನಮ್ಮವರು ಇಂಥ ಚರ್ಚೆಯನ್ನೇ ಮಾಡಿಲ್ಲವೆಂದು ಯಾರೂ ಭಾವಿಸಬಾರದು. ಸ್ವರ್ಗವನ್ನು ಬಯಸುವವನು ಯಜ್ಞಮಾಡಬೇಕು ಎಂಬ ವಿಧಿಯಲ್ಲಿ ‘ಸ್ವರ್ಗಕಾಮಃ’ ಎಂದು ಪುಲ್ಲಿಂಗವಿರುವುದರಿಂದ ಪುರುಷನಿಗೆ ಮಾತ್ರ ಅಧಿಕಾರವೆಂದು ಐತಿಶಾಯನನೆಂಬ ಆಚಾರ್ಯನ ಪಕ್ಷ. ಶಬ್ದವು ಜಾತಿಯನ್ನು ಹೇಳುವುದು, ಲಿಂಗವು ವಿವಕ್ಷಿತವಲ್ಲ, ಆದುದರಿಂದ ಸ್ತ್ರೀಯೂ ಸೇರಿರುವಳು ಎಂದು ಬಾದರಾಯಣನ ಪಕ್ಷ. ಜೈಮಿನಿಯು ಮೀಮಾಂಸಾಸೂತ್ರದ ಆರನೆಯ ಅಧ್ಯಾಯದ ಆರಂಭದಲ್ಲಿಯೇ ಇದನ್ನು ವಿಚಾರಿಸಿ ಎರಡನೆಯದನ್ನು ಸಿದ್ಧಾಂತವಾಗಿ ಅಂಗೀಕರಿಸಿರುವನು. ಆದರೆ ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ ಹೋದರೆ, ಯಜ್ಞದಲ್ಲಿ ಪತ್ನಿಗೆ ವಚನದಲ್ಲಿ ಎಷ್ಟು ಹೇಳಿದೆಯೋ ಅಷ್ಟೇ ಕರ್ಮವೆಂಬ ನಿರ್ಬಂಧವೂ ಬರುವುದು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಹಿಡಿದುಕೊಳ್ಳುವ ಪದ್ಧತಿಯು ಯಾವ ಒಂದು ದೇಶಕ್ಕೂ ಮೀಸಲಲ್ಲ. ಇರಲಿ, ಪ್ರಕೃತಕ್ಕೆ ಬರೋಣ.

ಪಾಶ್ಚಾತ್ಯರ ರಾಜನೀತಿಶಾಸ್ತ್ರವು ಗ್ರೀಸ್ ದೇಶದಿಂದ ಆರಂಭವಾಗುವುದು. ಅಲ್ಲಿನ ಪ್ಲೇಟೋ ಎಂಬ ತತ್ತ್ವಜ್ಞನು ಇಂದಿಗೆ ಸುಮಾರು ೨೪೦೦ ವರ್ಷಗಳ ಹಿಂದೆ ಆದರ್ಶರಾಜ್ಯವನ್ನು ವರ್ಣಿಸುವ ‘ರಿಪಬ್ಲಿಕ್’ ಎಂಬ ಗ್ರಂಥವನ್ನು ಬರೆದನು. ಅದರ ಐದನೆಯ ಭಾಗದಲ್ಲಿ, ರಾಜ್ಯವನ್ನು ಕಾಯುವವರ ವರ್ಗದಲ್ಲಿ ಸ್ತ್ರೀಯರೂ ಇರಬೇಕೆಂದು ಅವನು ಹೇಳಿರುವನು. ಅವನ ಯುಕ್ತಿಯನ್ನು ನೋಡಿರಿ. ಸ್ತ್ರೀಪುರುಷರ ಸ್ವಭಾವವು ಬೇರೆಯಾದುದರಿಂದ ಕೆಲಸವೂ ಬೇರೆಯಾಗಬೇಕೆಂದು ಆಕ್ಷೇಪಿಸುವವರಿಗೆ ಅವನು ಬೋಳುತಲೆಯ ಚಮ್ಮಾರನನ್ನೂ ಕೂದಲುಳ್ಳ ಚಮ್ಮಾರನನ್ನೂ ತೋರಿಸುವನು. ಇಬ್ಬರಲ್ಲಿಯೂ ಭೇದವಿರುವುದು ನಿಜ. ಆದರೆ ಆ ಭೇದಕ್ಕೂ ಪಾದರಕ್ಷೆ ಹೊಲಿಯುವುದಕ್ಕೂ ಏನು ಸಂಬಂಧ? ಹಾಗೆಯೇ ಹೆರುವುದು, ಹುಟ್ಟಿಸುವುದು ಎಂಬ ಭೇದಕ್ಕೂ ರಾಜ್ಯವಾಳುವ ಬುದ್ಧಿಗೂ ಸಂಬಂಧವಿಲ್ಲವೆಂದು ಅವನ ತಾತ್ಪರ್ಯ. ಸ್ತ್ರೀಯರು ಸಾಮಾನ್ಯವಾಗಿ ದುರ್ಬಲರೆಂಬ ಮಾತನ್ನು ಅವನೂ ಬಿಟ್ಟಿಲ್ಲ. ಆದರೂ ಅಧಿಕಾರವನ್ನು ಒಪ್ಪಿರುವನು.

ಆದರೆ ಇದಕ್ಕೆ ಒಂದು ಬೆಲೆಯುಂಟು. ಕಾಯುವವರ ವರ್ಗಕ್ಕೆ ಪ್ಲೇಟೋ ಸ್ವಂತ ಮನೆಯನ್ನೂ ಸ್ವಂತ ಸ್ವತ್ತನ್ನೂ ಸ್ವಂತ ಮಕ್ಕಳೆಂಬ ಅಭಿಮಾನವನ್ನೂ ನಿಷೇಧಿಸಿರುವನು. ನ್ಯೂಜಿಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಅಧ್ಯಾಪಕಿಯಾಗಿದ್ದ ಸೂಸನ್ ಓಕಿನ್ ಎಂಬ ವಿದುಷಿಯರು ೧೯೭೯ರಲ್ಲಿ ಪಾಶ್ಚಾತ್ಯ ರಾಜನೀತಿಯಲ್ಲಿ ಸ್ತ್ರೀಯರ ಸ್ಥಾನವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಈ ಅಂಶವನ್ನು ಎತ್ತಿಹಿಡಿದರು. ಮನೆಯು ಹೋದುದರಿಂದ ಪ್ಲೇಟೋವಿಗೆ ಸ್ತ್ರೀಯು ಮನುಷ್ಯಳಾಗಿ ಕಂಡಳು. ಅವನೇ ಮುಪ್ಪಿನಲ್ಲಿ ಬರೆದ ‘ಲಾಸ್’ ಎಂಬ ಗ್ರಂಥದಲ್ಲಿ ಸ್ವಂತ ಮನೆಯೂ ಸ್ವತ್ತೂ ಮರಳಿ ಬಂದವು. ಬಂದೊಡನೆ ಸ್ತ್ರೀಗೆ ಕೊಟ್ಟಿದ್ದ ಸಮಾನ ಸ್ಥಾನವು ಬಹುಮಟ್ಟಿಗೆ ಕರಗಿಹೋಯಿತು. ಮನೆಯೆಂಬುದು ಇದ್ದರೆ ಅದನ್ನು ನೋಡಿಕೊಳ್ಳುವವರೊಬ್ಬರು ಇರಬೇಕು. ಅವರು ಯಾರೆಂಬುದನ್ನು ಆ ಮಹಾಮೇಧಾವಿಯು ಕ್ಷಣಮಾತ್ರವೂ ಸಂದೇಹಿಸಲಿಲ್ಲ.

ಪ್ಲೇಟೋವಿನ ಶಿಷ್ಯನಾದ ಅರಿಸ್ಟಾಟಲನು ಈ ಹೊಸ್ತಿಲನ್ನು ಇನ್ನೂ ಭದ್ರವಾಗಿ ಕಟ್ಟಿದನು. ಒಳಗೆ ಮನೆ, ಹೊರಗೆ ನಗರರಾಜ್ಯ. ಮನೆಯಲ್ಲಿ ಯಜಮಾನನು ಗುಲಾಮನನ್ನೂ ಹೆಂಡತಿಯನ್ನೂ ಮಕ್ಕಳನ್ನೂ ಆಳುವನು. ನಗರದಲ್ಲಿ ಅಂಥ ಯಜಮಾನರೆಲ್ಲ ಸೇರಿ ಸರಿಸಮಾನರಾಗಿ ಪರಸ್ಪರ ಆಳಿಕೊಳ್ಳುವರು. ವಿವೇಚನಾಶಕ್ತಿಯು ಗುಲಾಮನಿಗೆ ಇಲ್ಲವೇ ಇಲ್ಲ, ಮಗುವಿಗೆ ಇನ್ನೂ ಬಲಿತಿಲ್ಲ, ಸ್ತ್ರೀಗೆ ಇರುವುದು, ಆದರೆ ಅದಕ್ಕೆ ಅಧಿಕಾರವಿಲ್ಲ ಎಂದು ಅವನ ವಿಭಾಗ. ಈ ಕೊನೆಯ ಮಾತಿನ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ಬುದ್ಧಿಯುಂಟು, ಆದರೆ ಅದು ನಡೆಯುವುದಿಲ್ಲವಂತೆ. ನಡೆಯದಿರಲು ಕಾರಣವು ಅವಳ ಬುದ್ಧಿಯಲ್ಲಿರುವುದೋ, ಕೇಳುವವರ ಕಿವಿಯಲ್ಲಿರುವುದೋ? ಅರಿಸ್ಟಾಟಲನು ವಿಚಾರಿಸದೆ ಬಿಟ್ಟನು. ಇಂದಿನ ವಿದುಷಿಯರು ವಿಚಾರಿಸಿರುವರು.

ಇಲ್ಲಿಂದ ಎರಡು ಸಾವಿರ ವರ್ಷಗಳನ್ನು ದಾಟಿ ಹದಿನೇಳನೆಯ ಶತಮಾನದ ಇಂಗ್ಲೆಂಡಿಗೆ ಬರೋಣ. ರಾಜನ ಅಧಿಕಾರವು ದೈವದತ್ತವೋ, ಪ್ರಜೆಗಳ ಒಡಂಬಡಿಕೆಯಿಂದ ಬಂದುದೋ ಎಂಬ ವಿವಾದವು ಆಗ ನಡೆಯುತ್ತಿದ್ದಿತು. ಹಾಬ್ಸ್ ಎಂಬವನು ೧೬೫೧ರ ‘ಲೆವಯಥನ್’ ಗ್ರಂಥದಲ್ಲಿ ಒಂದು ವಿಚಿತ್ರವಾದ ಮಾತನ್ನು ಹೇಳಿದನು. ಕಾನೂನು ಹುಟ್ಟುವ ಮೊದಲಿನ ಸ್ಥಿತಿಯಲ್ಲಿ ಮಗುವಿನ ಮೇಲೆ ಅಧಿಕಾರವು ತಾಯಿಯದು. ತಂದೆ ಯಾರೆಂದು ಅವಳು ಹೇಳಿದಲ್ಲದೆ ತಿಳಿಯದಷ್ಟೆ. ಎಂಥ ಧೈರ್ಯದ ಮಾತು! ಆದರೆ ಅದೇ ಅಧ್ಯಾಯದಲ್ಲಿ ರಾಜ್ಯಗಳನ್ನು ಕಟ್ಟಿದವರು ಬಹುಪಾಲು ತಂದೆಗಳೇ ಎಂದು ಹೇಳಿ, ಕುಟುಂಬವೆಂದರೆ ಒಬ್ಬ ಪುರುಷ, ಅವನ ಮಕ್ಕಳು, ಅವನ ಸೇವಕರು ಎಂದು ಎಣಿಸಿಬಿಟ್ಟನು. ಎಣಿಕೆಯಲ್ಲಿ ಹೆಂಡತಿಯೇ ಇಲ್ಲ. ಪುಟದ ಆರಂಭದಲ್ಲಿ ಮಗುವಿನ ಒಡತಿಯಾಗಿದ್ದವಳು ಪುಟದ ಕೊನೆಗೆ ಎಲ್ಲಿ ಹೋದಳೆಂಬುದಕ್ಕೆ ವಿವರಣೆಯಿಲ್ಲ.

ಇದೇ ಕಾಲದಲ್ಲಿ ಫಿಲ್ಮರ್ ಎಂಬವನು, ರಾಜನು ಪ್ರಜೆಗಳಿಗೆ ತಂದೆಯಾದುದರಿಂದ ಅವನಿಗೆ ಎದುರಾಡಕೂಡದೆಂದು ವಾದಿಸಿದನು. ಅವನ ಗ್ರಂಥವು ಅವನು ಸತ್ತ ಮೇಲೆ ೧೬೮೦ರಲ್ಲಿ ಅಚ್ಚಾಯಿತು. ತಂದೆಯನ್ನು ಗೌರವಿಸಬೇಕೆಂಬ ಬೈಬಲ್ಲಿನ ಆಜ್ಞೆಯೇ ಅವನಿಗೆ ಪ್ರಮಾಣ. ಅವನ ಗ್ರಂಥವನ್ನು ಖಂಡಿಸಲು ಹೊರಟ ಜಾನ್ ಲಾಕನು ಮೊದಲು ಹಿಡಿದುದೇ ಇದನ್ನು: ಆಜ್ಞೆಯಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಇರುವಾಗ ಫಿಲ್ಮರನು ತಾಯಿಯನ್ನು ನುಂಗಿಹಾಕಿರುವನು, ತಾಯಿಯೂ ಸೇರಿದಳೆಂದರೆ ಏಕಾಧಿಪತ್ಯವು ಎಲ್ಲಿ ಉಳಿಯಿತು? ವೈಯಾಕರಣನು ಮೆಚ್ಚಬೇಕಾದ ಖಂಡನೆ. ಆದರೆ ಅದೇ ಲಾಕನು ತನ್ನ ಎರಡನೆಯ ಪ್ರಬಂಧದಲ್ಲಿ, ವಿವಾಹವು ಇಬ್ಬರ ಇಚ್ಛೆಯಿಂದಾದ ಒಪ್ಪಂದವೆಂದು ಒಪ್ಪಿಕೊಂಡು, ದಂಪತಿಗಳಲ್ಲಿ ಭಿನ್ನಾಭಿಪ್ರಾಯ ಬಂದಾಗ ಕೊನೆಯ ಮಾತು ಸಹಜವಾಗಿಯೇ ಹೆಚ್ಚು ಸಮರ್ಥನೂ ಬಲಶಾಲಿಯೂ ಆದ ಗಂಡನದೆಂದು ತೀರ್ಮಾನಿಸಿದನು. ರಾಜನು ಬಲಶಾಲಿಯೆಂಬ ಕಾರಣಕ್ಕೆ ಅವನಿಗೆ ಅಧಿಕಾರವಿಲ್ಲವೆಂದು ನೂರಾರು ಪುಟಗಳಲ್ಲಿ ಸಾಧಿಸಿದವನು ಮನೆಯ ಬಾಗಿಲಿಗೆ ಬಂದೊಡನೆ ಬಲವನ್ನೇ ಪ್ರಮಾಣವಾಗಿ ಹಿಡಿದನು.

ಈ ವಿರೋಧವು ಆ ಕಾಲದಲ್ಲಿ ಯಾರಿಗೂ ಕಾಣಲಿಲ್ಲವೆ? ಕಂಡಿತು. ನ್ಯೂಕ್ಯಾಸಲ್ ಊರಿನಲ್ಲಿ ೧೬೬೬ರಲ್ಲಿ ಹುಟ್ಟಿದ ಮೇರಿ ಆಸ್ಟೆಲ್ ಎಂಬವಳು ವಿವಾಹವನ್ನು ಕುರಿತು ೧೭೦೦ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದ್ದಳು. ೧೭೦೬ರಲ್ಲಿ ಅದಕ್ಕೆ ಬರೆದ ಮುನ್ನುಡಿಯಲ್ಲಿ ಅವಳು ಕೇಳಿದುದರ ಸಾರಾಂಶವಿಷ್ಟು: ರಾಜ್ಯದಲ್ಲಿ ನಿರಂಕುಶ ಅಧಿಕಾರವು ಬೇಡವಾದರೆ ಕುಟುಂಬದಲ್ಲಿ ಅದು ಹೇಗೆ ಬೇಕಾಯಿತು? ಹುಟ್ಟುವವರೆಲ್ಲರೂ ಸ್ವತಂತ್ರರೆಂಬುದು ನಿಜವಾದರೆ ಸ್ತ್ರೀಯರು ಮಾತ್ರ ಹುಟ್ಟಿನಿಂದಲೇ ದಾಸಿಯರಾದುದು ಹೇಗೆ? ಆಸ್ಟೆಲಳು ಕ್ರಾಂತಿಕಾರಿಣಿಯಲ್ಲ. ರಾಜಭಕ್ತಿಯುಳ್ಳವಳು, ದೈವಭಕ್ತಿಯುಳ್ಳವಳು, ಹಳೆಯ ವ್ಯವಸ್ಥೆಯ ಪಕ್ಷಪಾತಿ. ಅವಳು ಎದುರಾಳಿಯ ಪ್ರತಿಜ್ಞೆಯನ್ನೇ ತೆಗೆದುಕೊಂಡು ಅದನ್ನು ಹೊಸ್ತಿಲಿನ ಒಳಕ್ಕೆ ತಂದಿಟ್ಟಳು, ಅಷ್ಟೆ. ‘ಆ ಗ್ರಂಥಕರ್ತರು ತಮ್ಮ ಕಾಲಕ್ಕೆ ತಕ್ಕಂತೆ ಬರೆದರು, ಅವರನ್ನು ಇಂದಿನ ಅಳತೆಗೋಲಿನಿಂದ ಅಳೆಯಬಾರದು’ ಎಂದು ಹಲವರು ಹೇಳುವುದುಂಟು. ಆದರೆ ಅಳತೆಗೋಲು ಇಂದಿನದಲ್ಲ, ಅವರದೇ. ಅಳೆದು ತೋರಿಸಿದವಳೂ ಅವರ ಕಾಲದವಳೇ.

ಲಾಕನ ಮೇಲೆ ಒಂದು ಶತಮಾನವೂ ತುಂಬದಿರುವಾಗ, ೧೭೬೫ರಲ್ಲಿ, ಬ್ಲ್ಯಾಕ್‌ಸ್ಟನ್ ಎಂಬ ನ್ಯಾಯಶಾಸ್ತ್ರಜ್ಞನು ಇಂಗ್ಲೆಂಡಿನ ಕಾನೂನನ್ನು ಸಂಗ್ರಹಿಸಿ ಬರೆಯತೊಡಗಿದನು. ವಿವಾಹವಾದೊಡನೆ ಗಂಡಹೆಂಡಿರು ಕಾನೂನಿನ ದೃಷ್ಟಿಯಲ್ಲಿ ಒಬ್ಬ ವ್ಯಕ್ತಿಯಾಗುವರೆಂದು ಅವನು ವಿವರಿಸಿರುವನು. ಇಬ್ಬರಲ್ಲಿ ಉಳಿಯುವ ಆ ಒಬ್ಬರು ಯಾರೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಹೆಂಡತಿಯ ಚರಸ್ವತ್ತು ಗಂಡನದಾಯಿತು, ಅವಳು ದುಡಿದುದೂ ಗಂಡನದಾಯಿತು. ನಮ್ಮ ಏಕಶೇಷದಲ್ಲಿ ಶಬ್ದವು ಹೋದರೂ ಅರ್ಥವು ನಿಲ್ಲುವುದು. ಅವರ ಏಕಶೇಷದಲ್ಲಿ ಅರ್ಥವೂ ಹೋಯಿತು, ಸ್ವತ್ತು ಎಂಬ ಅರ್ಥವೂ ಹೋಯಿತು! ಇದು ಪೂರ್ತಿಯಾಗಿ ಸಡಿಲವಾಗಲು ೧೮೭೦ರ ಮತ್ತು ೧೮೮೨ರ ಕಾನೂನುಗಳು ಬರಬೇಕಾದವು.

ಇನ್ನು ಫ್ರಾನ್ಸು. ೧೭೬೨ನೆಯ ಒಂದೇ ವರ್ಷದಲ್ಲಿ ರೂಸೋ ಎರಡು ಗ್ರಂಥಗಳನ್ನು ಪ್ರಕಟಿಸಿದನು. ಒಂದರಲ್ಲಿ, ತಾನೇ ವಿಧಿಸಿಕೊಂಡ ಕಾನೂನಿಗಲ್ಲದೆ ಬೇರೆ ಯಾರಿಗೂ ತಲೆಬಾಗದ ಸ್ವತಂತ್ರ ಪೌರನ ಚಿತ್ರ. ‘ಎಮಿಲ್’ ಎಂಬ ಇನ್ನೊಂದರಲ್ಲಿ ಬಾಲಕನ ಶಿಕ್ಷಣದ ಕ್ರಮ. ಅದರ ಕೊನೆಯ ಭಾಗದಲ್ಲಿ ಆ ಬಾಲಕನಿಗೆ ಹೆಂಡತಿಯಾಗತಕ್ಕ ಸೋಫಿ ಎಂಬ ಕನ್ಯೆಯ ಶಿಕ್ಷಣ. ಗಂಡನನ್ನು ಸಂತೋಷಪಡಿಸುವುದು, ಅವನ ಬಾಳನ್ನು ಹಗುರಮಾಡುವುದು, ಅನ್ಯಾಯವನ್ನೂ ಸಹಿಸುವುದು, ಇವು ಅವಳ ವಿದ್ಯೆಗಳು. ಹೀಗೆ ತಂದೆತಾಯಿಗಳ ಕರ್ತವ್ಯವನ್ನು ಉಪದೇಶಿಸಿದ ಮಹಾನುಭಾವನು ತನ್ನ ಐವರು ಮಕ್ಕಳನ್ನು ಅನಾಥಾಲಯಕ್ಕೆ ಕಳುಹಿಸಿದುದಾಗಿ ತಾನೇ ಆತ್ಮಕಥೆಯಲ್ಲಿ ಬರೆದುಕೊಂಡಿರುವನು.

೧೭೮೯ರಲ್ಲಿ ಫ್ರಾನ್ಸಿನ ಕ್ರಾಂತಿಕಾರರು ಮನುಷ್ಯನ ಮತ್ತು ಪೌರನ ಹಕ್ಕುಗಳನ್ನು ೧೭ ವಿಧಿಗಳಲ್ಲಿ ಘೋಷಿಸಿದರು. ೧೭೯೧ರಲ್ಲಿ ಒಲಾಂಪ್ ದ ಗೂಜ್ ಎಂಬ ನಾಟಕಕರ್ತ್ರಿಯು ಅದಕ್ಕೆ ಸರಿಯಾಗಿ ೧೭ ವಿಧಿಗಳಲ್ಲಿಯೇ ಸ್ತ್ರೀಯ ಮತ್ತು ಸ್ತ್ರೀಪೌರಳ ಹಕ್ಕುಗಳನ್ನು ಬರೆದು ಅಚ್ಚುಹಾಕಿಸಿದಳು. ವಧಸ್ಥಾನದ ಮೆಟ್ಟಿಲನ್ನು ಹತ್ತುವ ಅಧಿಕಾರವು ಸ್ತ್ರೀಗೆ ಇರುವುದಾದರೆ ಭಾಷಣದ ವೇದಿಕೆಯ ಮೆಟ್ಟಿಲನ್ನು ಹತ್ತುವ ಅಧಿಕಾರವೂ ಇರಬೇಕೆಂದು ಅದರಲ್ಲಿ ಅವಳ ವಾದ. ೧೭೯೩ರ ನವಂಬರ್ ೩ರಂದು ಅವಳ ರಾಜಕೀಯ ಬರವಣಿಗೆಗಾಗಿ ಅವಳ ಶಿರಚ್ಛೇದವಾಯಿತು. ಮೊದಲನೆಯ ಮೆಟ್ಟಿಲನ್ನು ಅವಳಿಗೆ ಯಾರೂ ನಿರಾಕರಿಸಲಿಲ್ಲ. ಎರಡನೆಯದಕ್ಕೆ, ಎಂದರೆ ಮತದಾನದ ಹಕ್ಕಿಗೆ, ಫ್ರಾನ್ಸಿನ ಸ್ತ್ರೀಯರು ೧೯೪೪ರ ವರೆಗೆ ಕಾಯಬೇಕಾಯಿತು.

ಅದೇ ಸಮಯದಲ್ಲಿ ತಾಲೆರಾಂ ಎಂಬ ರಾಜಕಾರಣಿಯು ಫ್ರಾನ್ಸಿನ ಶಿಕ್ಷಣದ ಯೋಜನೆಯನ್ನು ಬರೆದು, ಹೆಣ್ಣುಮಕ್ಕಳಿಗೆ ಎಂಟು ವರ್ಷದ ವರೆಗೆ ಸಾರ್ವಜನಿಕ ಶಾಲೆ ಸಾಕು, ಆಮೇಲೆ ಮನೆಯೇ ಶಾಲೆ ಎಂದನು. ಇಂಗ್ಲೆಂಡಿನ ಮೇರಿ ವುಲ್‌ಸ್ಟನ್‌ಕ್ರಾಫ್ಟಳು ೧೭೯೨ರಲ್ಲಿ ಸ್ತ್ರೀಯರ ಹಕ್ಕುಗಳನ್ನು ಸಮರ್ಥಿಸುವ ತನ್ನ ಪ್ರಸಿದ್ಧ ಗ್ರಂಥವನ್ನು ಅವನಿಗೇ ಅರ್ಪಿಸಿ ಉತ್ತರಕೊಟ್ಟಳು. ಮಕ್ಕಳಿಗೆ ವಿವೇಕವನ್ನು ಕಲಿಸಬೇಕಾದ ತಾಯಿಗೆ ವಿವೇಕವನ್ನು ನಿಷೇಧಿಸುವುದು ಯಾವ ನ್ಯಾಯ? ವಿವೇಕದಿಂದ ನಡೆಯದ ಸದ್ಗುಣವು ಸದ್ಗುಣವೇ ಅಲ್ಲವೆಂದು ನೀವೇ ಹೇಳಿದ ಮೇಲೆ, ಕುರುಡು ವಿಧೇಯತೆಯನ್ನು ಸ್ತ್ರೀಯ ಸದ್ಗುಣವೆಂದು ಹೊಗಳುವುದು ಹೇಗೆ? ಇವು ಅವಳ ಪ್ರಶ್ನೆಗಳು. ಐದು ವರ್ಷಗಳ ತರುವಾಯ, ಹೆಣ್ಣುಮಗುವೊಂದನ್ನು ಹೆತ್ತ ಹನ್ನೊಂದನೆಯ ದಿನ, ಬಾಣಂತಿತನದ ಜ್ವರದಿಂದ ಅವಳು ತೀರಿಕೊಂಡಳು. ಆಗ ಅವಳಿಗೆ ೩೮ ವರ್ಷ.

ಈಗ ಮಿಲ್ಲನ ಕಡೆಗೆ ಮರಳಿ ಬರೋಣ. ೧೮೫೧ರಲ್ಲಿ ಹ್ಯಾರಿಯೆಟ್ ಟೇಲರಳನ್ನು ಮದುವೆಯಾಗುವ ಮುನ್ನ, ಕಾನೂನು ಗಂಡನಿಗೆ ಕೊಡುವ ಅಧಿಕಾರಗಳನ್ನು ತಾನು ಎಂದಿಗೂ ಉಪಯೋಗಿಸುವುದಿಲ್ಲವೆಂದು ಅವನು ಬರೆದುಕೊಟ್ಟನು. ೧೮೬೯ರಲ್ಲಿ ಪ್ರಕಟವಾದ ಅವನ ಗ್ರಂಥವು ಸ್ತ್ರೀಯರ ಪರಾಧೀನತೆಯನ್ನು ಖಂಡಿಸುವುದು. ಗಂಡುಮಗನು ಹುಟ್ಟಿನ ಬಲದಿಂದಲೇ ತಾನು ತಾಯಿಗಿಂತಲೂ ಅಕ್ಕತಂಗಿಯರಿಗಿಂತಲೂ ಮೇಲೆಂದು ಮನೆಯಲ್ಲಿ ಕಲಿತರೆ, ಮುಂದೆ ರಾಜ್ಯದಲ್ಲಿ ಅವನು ಸಮಾನತೆಯನ್ನು ಹೇಗೆ ಆಚರಿಸಿಯಾನು ಎಂಬುದು ಅದರ ಜೀವಾಳವಾದ ವಾದ. ಹೀಗೆ ಮನೆಯು ಮೊದಲನೆಯ ಸಲ ರಾಜನೀತಿಯ ಪಾಠಶಾಲೆಯಾಗಿ ಒಬ್ಬ ಪುರುಷ ತತ್ತ್ವಜ್ಞನಿಗೆ ಸ್ಪಷ್ಟವಾಗಿ ಕಂಡಿತು. ಆದರೂ ಅವನೊಂದು ಕಡೆ ನಿಂತುಬಿಟ್ಟನು. ಪುರುಷನು ಒಂದು ವೃತ್ತಿಯನ್ನು ಆರಿಸಿಕೊಳ್ಳುವಂತೆ ಸ್ತ್ರೀಯು ಮದುವೆಯಾದಾಗ ಮನೆವಾರ್ತೆಯನ್ನು ತನ್ನ ವೃತ್ತಿಯಾಗಿ ಆರಿಸಿಕೊಂಡಂತೆಯೇ ಎಂದು ಅವನ ಅಭಿಪ್ರಾಯ. ಅವನ ಪತ್ನಿಯಾದರೋ ೧೮೫೧ರಲ್ಲಿಯೇ ಪ್ರಕಟವಾದ ತನ್ನ ಲೇಖನದಲ್ಲಿ, ವಿವಾಹಿತೆಯೂ ಸ್ವಂತ ಸಂಪಾದನೆಯುಳ್ಳವಳಾಗಿರಬೇಕೆಂದು ವಾದಿಸಿದ್ದಳು. ಈ ದಂಪತಿಗಳ ವಾದದಲ್ಲಿ ಹೆಂಡತಿಯ ಪಕ್ಷವೇ ಗಟ್ಟಿಯೆಂದು ನನಗೆ ತೋರುವುದು. ವೃತ್ತಿಯನ್ನು ಆರಿಸಿದವನು ಸಂಬಳವನ್ನು ಪಡೆಯುವನು, ಬೇಡವಾದಾಗ ಬಿಡುವನು, ವಯಸ್ಸಾದಾಗ ನಿವೃತ್ತನಾಗುವನು. ನಾನು ನಿವೃತ್ತನಾಗಿರುವೆನು. ನನ್ನ ಮನೆಯಾಕೆಗೆ ಇನ್ನೂ ನಿವೃತ್ತಿಯಾಗಿಲ್ಲ.

ಮತದಾನದ ಹಕ್ಕು ನ್ಯೂಜಿಲೆಂಡಿನಲ್ಲಿ ೧೮೯೩ರಲ್ಲಿ, ಪುರುಷರಿಗೆ ಸಮನಾಗಿ ಬ್ರಿಟನ್ನಿನಲ್ಲಿ ೧೯೨೮ರಲ್ಲಿ, ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಚುನಾವಣೆಗಳಲ್ಲಿ ೧೯೭೧ರಷ್ಟು ತಡವಾಗಿ ಸ್ತ್ರೀಯರಿಗೆ ದೊರೆಯಿತು. ನಮ್ಮ ಭಾರತದಲ್ಲಿ ೧೯೫೦ರ ಸಂವಿಧಾನವು ವಯಸ್ಕರಾದ ಸ್ತ್ರೀಪುರುಷರೆಲ್ಲರಿಗೂ ಒಮ್ಮೆಗೇ ಕೊಟ್ಟಿತು. ಹಾಗಾದರೆ ಶಬ್ದದ ವ್ಯಾಜ್ಯವು ತೀರಿತಲ್ಲ, ಇನ್ನೇನು ಉಳಿಯಿತು ಎಂದು ವಾಚಕರು ಕೇಳಬಹುದು. ಉಳಿದುದು ನಮ್ಮ ವಾಚಕಿಯವರ ಪ್ರಶ್ನೆ.

ಅದಕ್ಕೆ ನಮ್ಮ ಮೀಮಾಂಸಕರ ‘ಅರ್ಥಾಪತ್ತಿ’ ಎಂಬ ಪ್ರಮಾಣವು ಇಲ್ಲಿ ಸಹಾಯಕ್ಕೆ ಬರುವುದು. ದೇವದತ್ತನು ಹಗಲು ಊಟಮಾಡುವುದಿಲ್ಲ, ಆದರೂ ದಪ್ಪಗಿರುವನು. ಆದುದರಿಂದ ಅವನು ರಾತ್ರಿ ಉಣ್ಣುವನೆಂದು ಕಲ್ಪಿಸಬೇಕು. ಹಾಗೆಯೇ ಪಾಶ್ಚಾತ್ಯ ಗ್ರಂಥಗಳ ಪೌರನು ಹಗಲೆಲ್ಲ ಸಭೆಯಲ್ಲಿರುವನು, ವಾದಿಸುವನು, ಯುದ್ಧಮಾಡುವನು, ವ್ಯಾಪಾರಮಾಡುವನು. ಅಡಿಗೆಮಾಡಿದುದನ್ನಾಗಲಿ, ಮಗುವಿಗೆ ಹಾಲುಕುಡಿಸಿದುದನ್ನಾಗಲಿ, ಮುದಿತಾಯಿಗೆ ಔಷಧ ಕೊಟ್ಟುದನ್ನಾಗಲಿ ಯಾರೂ ಕಂಡಿಲ್ಲ. ಆದರೂ ಅವನು ಶುಭ್ರವಾದ ಬಟ್ಟೆಯುಟ್ಟು ಹೊಟ್ಟೆತುಂಬಿದವನಾಗಿ ಸಭೆಗೆ ಬಂದಿರುವನು. ಆದುದರಿಂದ ಪುಸ್ತಕದಲ್ಲಿ ಹೆಸರಿಲ್ಲದ ಒಬ್ಬರು ಅವನ ಹಿಂದೆ ಇರಲೇಬೇಕು. ಬ್ರಿಟನ್ನಿನಲ್ಲಿ ಹುಟ್ಟಿದ ಕ್ಯಾರೊಲ್ ಪೇಟ್‌ಮನ್ ಎಂಬ ವಿದುಷಿಯರು ೧೯೮೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕಿಂತಲೂ ಮುಂದೆ ಹೋಗಿರುವರು. ಪುರುಷರು ತಮ್ಮತಮ್ಮಲ್ಲಿ ಮಾಡಿಕೊಂಡ ಸಾಮಾಜಿಕ ಒಡಂಬಡಿಕೆಯ ಕೆಳಗೆ, ಸ್ತ್ರೀಯರ ಮೇಲಿನ ಅಧಿಕಾರವನ್ನು ಹಂಚಿಕೊಂಡ ಇನ್ನೊಂದು ಒಡಂಬಡಿಕೆಯು ಅಡಗಿರುವುದು. ಪಟ್ಟಿಗೆ ಸ್ತ್ರೀಯರ ಹೆಸರನ್ನು ಸೇರಿಸಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ ಎಂಬುದು ಅವರ ವಾದ.

ಇತ್ತೀಚಿನ ತತ್ತ್ವಜ್ಞರೂ ಈ ವಿಷಯದಲ್ಲಿ ಎಚ್ಚತ್ತಿರಲಿಲ್ಲ. ಅಮೆರಿಕದ ಜಾನ್ ರಾಲ್ಸ್ ಅವರು ೧೯೭೧ರಲ್ಲಿ ನ್ಯಾಯವನ್ನು ಕುರಿತು ಒಂದು ಮಹಾಗ್ರಂಥವನ್ನು ಪ್ರಕಟಿಸಿದರು. ಸಮಾಜದ ನಿಯಮಗಳನ್ನು ಗೊತ್ತುಮಾಡುವವರು, ತಾವು ಬಡವರಾಗಿ ಹುಟ್ಟುವೆವೋ ಶ್ರೀಮಂತರಾಗಿ ಹುಟ್ಟುವೆವೋ ಎಂಬುದನ್ನು ಅರಿಯದೆ, ಅಜ್ಞಾನದ ಪರದೆಯ ಹಿಂದೆ ಕುಳಿತು ನಿರ್ಣಯಿಸಬೇಕೆಂದು ಅವರ ಸುಂದರವಾದ ಕಲ್ಪನೆ. ಆದರೆ ಆ ಪರದೆಯ ಹಿಂದೆ ಕುಳಿತವರನ್ನು ಅವರು ಕುಟುಂಬದ ಯಜಮಾನರೆಂದು ಭಾವಿಸಿದ್ದರು. ೧೯೮೯ರಲ್ಲಿ ಸೂಸನ್ ಓಕಿನ್ ಅವರು ಕೇಳಿದರು: ಹೆಣ್ಣಾಗಿ ಹುಟ್ಟುವೆವೋ ಗಂಡಾಗಿ ಹುಟ್ಟುವೆವೋ ಎಂಬುದನ್ನೂ ಅರಿಯದೆ ಕುಳಿತರೆ ಮನೆಯ ನಿಯಮಗಳು ಈಗಿರುವಂತೆಯೇ ಇರುವುವೆ? ರಾಲ್ಸ್ ಅವರು ಈ ಆಕ್ಷೇಪವನ್ನು ಗಂಭೀರವಾಗಿ ಪರಿಗಣಿಸಿ ೧೯೯೭ರಲ್ಲಿ ಸಮಾಧಾನವನ್ನು ಬರೆದರು. ಶಾಸ್ತ್ರಚರ್ಚೆಯು ನಡೆಯಬೇಕಾದುದು ಹೀಗೆ.

ಈ ಪಕ್ಷದೊಳಗೆ ಒಳಜಗಳವೂ ಉಂಟು, ಅದನ್ನು ಮರೆಮಾಚಬಾರದು. ೧೯೬೩ರಲ್ಲಿ ಬೆಟ್ಟಿ ಫ್ರೀಡನ್ ಎಂಬವರು, ಸುಶಿಕ್ಷಿತ ಗೃಹಿಣಿಯರು ಮನೆಯಲ್ಲಿ ಬಾಡುತ್ತಿರುವರು, ಹೊರಗೆ ಬಂದು ಉದ್ಯೋಗಮಾಡಲಿ ಎಂದು ಬರೆದು ಅಮೆರಿಕದಲ್ಲಿ ದೊಡ್ಡ ಅಲೆಯನ್ನೆಬ್ಬಿಸಿದರು. ೧೯೮೪ರಲ್ಲಿ ಕರಿಯ ಜನಾಂಗದ ಬೆಲ್ ಹುಕ್ಸ್ ಅವರು ಅದಕ್ಕೆ ಎದುರು ಕೇಳಿದುದು ಇಷ್ಟೇ: ಆ ಗೃಹಿಣಿಯರು ಹೊರಗೆ ಹೋದ ಮೇಲೆ ಅವರ ಮನೆಯನ್ನೂ ಮಕ್ಕಳನ್ನೂ ನೋಡಿಕೊಳ್ಳುವವರು ಯಾರು? ಇದೂ ಅರ್ಥಾಪತ್ತಿಯೇ. ಪಾತ್ರೆ ತೊಳೆಯಲು ನಮ್ಮ ಮನೆಗೆ ಬರುವ ಹೆಂಗಸಿನ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರೆಂದು ನಾವೂ ಕೇಳಿಕೊಳ್ಳಬೇಕು.

ಗೃಹಸ್ಥರ ಒಂದು ಆಕ್ಷೇಪವು ಉಳಿದಿರುವುದು, ಅದು ತಿರಸ್ಕರಿಸತಕ್ಕುದಲ್ಲ. ‘ಮನೆಯೆಂಬುದು ಪ್ರೀತಿಯ ಸ್ಥಾನ. ಅಲ್ಲಿ ಹಕ್ಕು, ನ್ಯಾಯ, ಲೆಕ್ಕ ಎಂದು ತಕ್ಕಡಿಯನ್ನು ತಂದರೆ ಪ್ರೀತಿಯು ಓಡಿಹೋಗುವುದಿಲ್ಲವೆ?’ ಈ ಮಾತಿನಲ್ಲಿ ಅರ್ಧ ಸತ್ಯವಿರುವುದು. ಬಡಿಸುವಾಗ ತಾಯಿಯು ತುತ್ತುಗಳನ್ನು ಎಣಿಸುವುದಿಲ್ಲ, ಎಣಿಸಲೂ ಬಾರದು. ಆದರೆ ಪ್ರೀತಿಯು ನ್ಯಾಯಕ್ಕಿಂತ ಮೇಲಿನದೆಂದರೆ, ನ್ಯಾಯವು ಕೊಡುವಷ್ಟನ್ನು ಕೊಟ್ಟು ಅದಕ್ಕಿಂತ ಹೆಚ್ಚನ್ನು ಕೊಡುವುದೆಂದು ಅರ್ಥವೇ ಹೊರತು ನ್ಯಾಯದ ಪಾಲನ್ನೂ ಕೊಡದಿರುವುದೆಂದು ಅರ್ಥವಲ್ಲ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಒಬ್ಬಳೇ ಪ್ರತಿದಿನವೂ ಉಣ್ಣುವ ಮನೆಯಲ್ಲಿ ಪ್ರೀತಿಯಿಲ್ಲವೆಂದು ನಾನು ಹೇಳುವುದಿಲ್ಲ. ಆ ಪ್ರೀತಿಯ ಖರ್ಚೆಲ್ಲ ಒಬ್ಬಳ ಲೆಕ್ಕಕ್ಕೇ ಬೀಳುತ್ತಿರುವುದೆಂದು ಮಾತ್ರ ಹೇಳುವೆನು. ಮಿಲ್ಲನು ಕಂಡಂತೆ ಅದನ್ನು ಪ್ರತಿದಿನವೂ ನೋಡುತ್ತ ಬೆಳೆಯುವ ಬಾಲಕನು ಪಾಠವನ್ನು ಕಲಿಯುತ್ತಿರುವನು. ಆ ಬಾಲಕಿಯೂ ಕಲಿಯುತ್ತಿರುವಳು.

ಆದುದರಿಂದ ನಮ್ಮ ವಾಚಕಿಯವರಿಗೆ ನನ್ನ ಉತ್ತರವಿದು. ನಿಮ್ಮ ಮಗಳು ಆ ಪುಸ್ತಕಗಳನ್ನು ಬಿಡದೆ ಓದಲಿ. ಅವುಗಳಲ್ಲಿ ದೋಷವಿರುವುದೆಂದು ಸುಟ್ಟವರು ಯಾರೂ ಏನನ್ನೂ ಸಾಧಿಸಲಿಲ್ಲ. ಆಸ್ಟೆಲಳೂ ವುಲ್‌ಸ್ಟನ್‌ಕ್ರಾಫ್ಟಳೂ ಓಕಿನ್ ಅವರೂ ಅವುಗಳನ್ನು ಅಕ್ಷರಬಿಡದೆ ಓದಿಯೇ ಗೆದ್ದರು. ‘ಮನುಷ್ಯ’ ಎಂದು ಬಂದ ಕಡೆಯಲ್ಲೆಲ್ಲ ಅವಳು ತನ್ನನ್ನೂ ನಿಮ್ಮನ್ನೂ ಇಟ್ಟು ಓದಲಿ. ವಾಕ್ಯವು ಸರಿಹೊಂದಿದರೆ ಗ್ರಂಥಕರ್ತನು ನಿಜವನ್ನು ಹೇಳಿರುವನು. ಹೊಂದದಿದ್ದರೆ ಅಲ್ಲಿ ಗುರುತುಹಾಕಿ, ತಾಯಿಯನ್ನು ಯಾವ ಪುಟದಲ್ಲಿ ಕೈಬಿಟ್ಟನೆಂದು ಹಿಂದಕ್ಕೆ ಹೋಗಿ ಹುಡುಕಲಿ.

ಗೃಹಸ್ಥರಾದ ವಾಚಕರಿಗೆ ಒಂದು ಸಣ್ಣ ವಿಜ್ಞಾಪನೆ. ಈ ಪತ್ರಿಕೆಯು ಮನೆಗೆ ಬಂದಾಗ ಅದನ್ನು ಮೊದಲು ಬಿಚ್ಚುವವರು ಬಹುಶಃ ನೀವು. ಈ ಲೇಖನವನ್ನು ಓದಿ ಮುಗಿಸಿದೊಡನೆ ಪತ್ರಿಕೆಯನ್ನು ಅಡಿಗೆಮನೆಯಲ್ಲಿರುವವರ ಕೈಗೆ ಕೊಡಿರಿ. ಅವರು ಕುಳಿತು ಓದುವಷ್ಟು ಹೊತ್ತು ಒಲೆಯ ಮೇಲಿರುವುದನ್ನು ನೀವು ನೋಡಿಕೊಳ್ಳಿರಿ.